ಸೋರುವ ಸ್ಟೀರಿಂಗೂ ಮಾವನವರ ಸವಾರಿಯೂ

ನಾನು ಸ್ಪ್ಯಾನರ್ ಹಿಡಿದಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ತಪ್ಪು ನನ್ನದಲ್ಲ, ಸ್ಪ್ಯಾನರಿನದು.

ಜರ್ಮನಿಯವರು ಕೊಟ್ಟ ಗ್ರೀನ್ ಕಾರ್ಡ್ ಹಿಡಿದು ಅಲ್ಲಿನ ಬೊಬ್ಲಿಂಗೆನ್‌ಗೆ ಬಂದ ಎರಡನೇ ವರ್ಷ ಒಂದು ಮುದಿ ಕಾರು ಕೊಂಡೆ. ಮೈಸೂರಿನಿಂದ ಮಾವನವರು ಮುಂದಿನ ಶನಿವಾರ ಬರುವವರಿದ್ದರು. “ಟ್ರೈನ್ ಗೀನ್ ಏನೂ ಬೇಡ ಮಾವ, ನಮ್ಮ ಕಾರಲ್ಲೇ ಕರ್ಕೊಂಡು ಬರ್ತೀನಿ” ಎಂದು ಫೋನಿನಲ್ಲಿ ಕೊಚ್ಚಿಕೊಂಡಿದ್ದೆ. ಅದಕ್ಕೆ ಮೊದಲು, ಶುಕ್ರವಾರ, ಕಾರು ಸರ್ಕಾರಿ ತಪಾಸಣೆಯಲ್ಲಿ ಪಾಸಾಗಬೇಕು. ಇಲ್ಲದಿದ್ದರೆ ರಸ್ತೆಗೆ ಇಳಿಸುವಂತಿಲ್ಲ. ಮಾವನ ಮುಂದೆ ನನ್ನ ಮಾನ ಮೂರು ಕಾಸಿಗೆ ಹರಾಜು!

೧. ಶಾಫ್ಟು

ಸ್ಟೀರಿಂಗ್ ಕಾಲು ಸುತ್ತು ತಿರುಗಿಸಿದ ಮೇಲಷ್ಟೇ ಆ ಕಾರಿಗೆ ಸುದ್ದಿ ಮುಟ್ಟುತ್ತಿತ್ತು. ಅದಕ್ಕೇ ಸ್ಟೀರಿಂಗಿನಿಂದ ಚಕ್ರದ ಕಡೆಗೆ ಹೋಗುವ ಸರಳು, ಅಂದರೆ ಶಾಫ್ಟು, ಒಳ್ಳೆಯ ಜಾತಿಯದು ಹೊಸದು ತರಿಸಿ ನಾನೇ ಹಾಕಲು ಕೂತೆ.

“ರೀ, ನೀವು ಸಾಫ್ಟ್‌ವೇರ್ ಅಲ್ವಾ?” ಎಂದಳು ಹೆಂಡತಿ.

“ಅಲ್ಲೂ ಅಪ್‌ಗ್ರೇಡು, ಇಲ್ಲೂ ಅಪ್‌ಗ್ರೇಡು. ಸುಮ್ನಿರೇ.”

ಸಂಜೆಗೆ ಕೆಲಸ ಮುಗಿಯಿತು. ಚಕ್ರಗಳು ನೆಟ್ಟಗಿದ್ದವು, ಕೈಲಿ ಹಿಡಿಯುವ ಸ್ಟೀರಿಂಗ್ ಮಾತ್ರ ಪೂರ್ತಿ ತಲೆಕೆಳಗು. “ಕಾರು ನೆಟ್ಟಗೇ ಹೋಗುತ್ತೆ ಕಣೇ!” ಎಂದೆ.

“ಹೋಗುತ್ತೆ. ಓಡಿಸೋರು ಶೀರ್ಷಾಸನ ಹಾಕ್ಬೇಕು, ಅಷ್ಟೆ.”

ಬಿಚ್ಚಿ, ತಿರುಗಿಸಿ, ಮತ್ತೆ ಹಾಕಿದೆ.

೨. ಭಾನುವಾರ

ಬೆಳಿಗ್ಗೆ ನೋಡಿದರೆ ಕಾರಿನಡಿ ಕೆಂಪು ಕೆಂಪು ಹನಿ. ಪವರ್ ಸ್ಟೀರಿಂಗ್ ಎಣ್ಣೆ! ಸ್ಪ್ಯಾನರ್ ಹಿಡಿದು ಇಳಿಯುವಷ್ಟರಲ್ಲಿ ಮಹಡಿ ಮೇಲಿರುವ ನಮ್ಮ ಮನೆ ಮಾಲೀಕರು ಪ್ರತ್ಯಕ್ಷ.

“ಇವತ್ತು ಭಾನುವಾರ. ರಿಪೇರಿ ಮಾಡುವಂತಿಲ್ಲ, ಶಬ್ದವಾಗುತ್ತೆ.”

“ಹಾಗಾದ್ರೆ ಸೋರಬಹುದಾ?”

ಅವರು ಗಂಭೀರವಾಗಿ ಯೋಚಿಸಿದರು. “ಸೋರಬಹುದು. ಅದಕ್ಕೆ ಶಬ್ದ ಇಲ್ಲ. ಆದರೆ ನನ್ನ ನೆಲಕ್ಕೆ ಬೀಳಬಾರದು.”

ದೋಸೆ ಹಿಟ್ಟಿನ ಪಾತ್ರೆ ಇಡೀ ದಿನ ಕಾರಿನಡಿ ಕೂತಿತ್ತು. ಹೆಂಡತಿ ನನ್ನ ಜೊತೆ ಸೋಮವಾರದ ತನಕ ಮಾತಾಡಲಿಲ್ಲ. ಮಾಲೀಕರಿಗೆ ಇನ್ನೂ ಖುಷಿ.

೩. ವಾಷರು

ಕಾರಣ ಸಿಕ್ಕಿತು. ಶಾಫ್ಟಿಗೆ ಅಡ್ಡ ಬಂದ ಎಣ್ಣೆ ಪೈಪನ್ನು ಬಿಚ್ಚಿದ್ದೆ. ಮತ್ತೆ ಕೂರಿಸುವಾಗ ಹಳೇ ತಾಮ್ರದ ವಾಷರನ್ನೇ ಮಗುಚಿ ಹಾಕಿದ್ದೆ.

ಬಿಡಿಭಾಗದ ಅಂಗಡಿಯವನು ತಲೆ ಚಚ್ಚಿಕೊಂಡ. “ಇದು ಒಂದೇ ಸಲಕ್ಕೆ!”

“ನಮ್ಮೂರಲ್ಲಿ ಮಗುಚಿ ಇನ್ನೊಂದು ಸಲ ಹಾಕ್ತೀವಿ.”

ಅವನು ಎರಡು ಕೊಟ್ಟ. “ಒಂದು ಕಾರಿಗೆ. ಇನ್ನೊಂದನ್ನ ಮನೇಲಿ ಕೂತು ಎಷ್ಟು ಸಲ ಬೇಕಾದ್ರೂ ಮಗುಚಿ.”

ಹೊಸ ವಾಷರ್ ಹಾಕಿದೆ, ಎಣ್ಣೆ ತುಂಬಿಸಿದೆ. ಗುರುವಾರದವರೆಗೆ ಒಂದು ಹನಿ ಇಲ್ಲ. ಗೆದ್ದೆ ಅಂದುಕೊಂಡೆ.

೪. ತಪಾಸಣೆ

ಶುಕ್ರವಾರ ತಪಾಸಣೆಯವರು ಕಾರನ್ನು ಮೇಲೆತ್ತಿದರು. ಶಾಫ್ಟ್ ಅಲ್ಲಾಡಿಸಿ ನೋಡಿ ತಲೆದೂಗಿದರು. ಅಷ್ಟರಲ್ಲಿ ಟಪ್. ಕೆಂಪು ಹನಿ. ಇನ್ನೊಂದು, ಟಪ್.

“ಸ್ಟೀರಿಂಗ್ ಎಣ್ಣೆ. ಫೇಲ್.”

ಕಾರಿನಡಿಗೆ ನುಗ್ಗಿ ಕತ್ತೆತ್ತಿ ನೋಡಿದೆ. ಆಮೇಲೆ ಹೊಳೆಯಿತು. ಬೆಳಿಗ್ಗೆ ಹೊರಡುವಾಗ ಹೆಂಡತಿ ಕಾರಿಗೆ ದೃಷ್ಟಿ ತೆಗೆದಿದ್ದಳು. ನೆಲಕ್ಕೆ ಚೆಲ್ಲಿದರೆ ಮಾಲೀಕರ ಕಾಟವೆಂದು ಕೆಂಪು ಆರತಿ ನೀರನ್ನು ಬಾನೆಟ್ ಮೇಲೇ ಸುರಿದಿದ್ದಳು. ಅದು ಇಳಿದು ಎಂಜಿನ್ ಅಡಿಯ ಕವರಿನಲ್ಲಿ ನಿಂತಿದೆ!

“ಇದು ಎಣ್ಣೆ ಅಲ್ಲ, ಪೂಜೆ ನೀರು” ಎಂದೆ. ಅವರು ಪೆನ್ ತೆಗೆದರು. ಇನ್ನು ಮಾತು ವ್ಯರ್ಥ. ಅಂಗೈಯೊಡ್ಡಿ ಹನಿ ಹಿಡಿದೆ, ತೀರ್ಥದಂತೆ ಕುಡಿದೆ. ಅವರು ಬೆಚ್ಚಿ ನೋಡುತ್ತಿದ್ದರೆಂದು ಇನ್ನೊಮ್ಮೆ ಕುಡಿದು ಚಪ್ಪರಿಸಿದೆ.

“ನಿಲ್ಲಿಸಿ, ನಿಲ್ಲಿಸಿ!” ಎಂದರು. ತಾವೇ ಬೆರಳಲ್ಲಿ ಉಜ್ಜಿ ನೋಡಿದರು, ಜಿಡ್ಡಿಲ್ಲ. “ಪಾಸಾಗಲಿ ಅಂತ ಅತ್ತವರನ್ನ ನೋಡಿದ್ದೀನಿ. ಕುಡಿದವರನ್ನ ನೋಡಿರಲಿಲ್ಲ” ಎಂದು ಸ್ಟಿಕರ್ ಅಂಟಿಸಿದರು.

ಬೀಗುತ್ತಾ ಮನೆಗೆ ಬಂದೆ. “ಅರಿಶಿನ, ಸುಣ್ಣ ತಾನೆ? ಹೊಟ್ಟೆಗೂ ಒಳ್ಳೇದು” ಎಂದೆ.

ಹೆಂಡತಿ ಬಾಯಿ ಮೇಲೆ ಕೈಯಿಟ್ಟಳು. “ಅಯ್ಯೋ ರಾಮ! ಈ ಊರಲ್ಲಿ ಸುಣ್ಣ ಎಲ್ಲಿ ಸಿಗುತ್ತೆ ರೀ? ಕೆಂಪಾಗ್ಲಿ ಅಂತ ಬಟ್ಟೆ ಸೋಪಿನ ಪುಡಿ ಹಾಕಿದ್ದೆ!”

ಮರುದಿನ ಫ್ರಾಂಕ್‌ಫರ್ಟ್ ಏರ್‌ಪೋರ್ಟಿನಿಂದ ಮಾವನವರನ್ನು ನಮ್ಮ ಕಾರಲ್ಲೇ ಕರೆತಂದೆ. ದಾರಿಯಲ್ಲಿ ಟಾಯ್ಲೆಟ್ ಕಂಡಲ್ಲೆಲ್ಲ ನಿಲ್ಲಿಸಿ ಓಡಿದೆ. ಐದನೇ ಸಲ ಮಾವ ಮೆಲ್ಲಗೆ ಕೇಳಿದರು, “ಅಳಿಯಂದ್ರೇ, ಕಾರು ಏನಾದ್ರೂ ಸೋರ್ತಾ ಇದೆಯಾ?”

“ಕಾರು ಗಟ್ಟಿಯಾಗಿದೆ ಮಾವ” ಎಂದು ಕೂಗುತ್ತಾ ಓಡಿದೆ.