ಐದು ಒಂಬತ್ತು

ಗೆನೊವೇವಾ ಮಾಡಿಟ್ಟ ಸುಟ್ಟ ಮೆಣಸಿನ ಗೊಜ್ಜಿನ ಹದಿನಾಲ್ಕು ಬಾಟಲಿಗಳ ಮುಚ್ಚಳ ಒಂದೇ ವಾರದಲ್ಲಿ ಉಬ್ಬಿದವು. ಬಾಟಲಿಗಳನ್ನು ಸರಿಯಾಗಿ ಕುದಿಸಿರಲಿಲ್ಲ, ಅಷ್ಟೇ. ಆದರೆ ಆಕೆ ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವಳು, ಈಗ ವಿದಿನ್ ಊರಿನ ಈ ಎಂಟು ಮಹಡಿ ಕಟ್ಟಡದ ಯಜಮಾನಿಕೆ ಹಿಡಿದವಳು, ಅಂಥವರಿಂದ ತಪ್ಪಾಗುವುದಿಲ್ಲ. ತಪ್ಪು ಮಾಡಿದ್ದು ಚಾವಣಿಯ ಮೇಲಿದ್ದ ಸ್ಪಿರಿದೋನನ ರೇಡಿಯೊ ಆಂಟೆನಾಗಳು.

ಸಭೆ ಕರೆದರು. ಸಭೆಯೆಂದರೆ ಒಬ್ಬನನ್ನು ಹಿಂಡುವುದಕ್ಕೆ ಇಪ್ಪತ್ತೆರಡು ಜನ ಮನೆಯಿಂದ ಕುರ್ಚಿ ಹೊತ್ತು ತರುವುದು. ನಾಲ್ಕನೇ ಮಹಡಿಯವನಿಗೆ ಮಂಡಿನೋವು, ಆರನೇ ಮಹಡಿಯವಳ ಬೆಕ್ಕು ಊಟ ಬಿಟ್ಟಿದೆ; ಎಲ್ಲದಕ್ಕೂ ಆಂಟೆನಾವೇ ಕಾರಣ. ಕೈಯೆತ್ತಿ ತೀರ್ಮಾನಿಸಿದರು: ಭಾನುವಾರ ಮಧ್ಯಾಹ್ನದ ಹೊತ್ತಿಗೆ ಚಾವಣಿಯಲ್ಲಿ ಒಂದೇ ಆಂಟೆನಾ ಇರಬೇಕು. ಯಾವುದೆಂದು ಸ್ಪಿರಿದೋನನೇ ಆರಿಸಿಕೊಳ್ಳಲಿ.

ಸ್ಪಿರಿದೋನನಿಗೆ ಅರವತ್ತೊಂಬತ್ತು. ಹೆಂಡತಿ ರಾಯ್ನಾ ತೀರಿಕೊಂಡು ಎರಡು ವರ್ಷ. ಅಂದಿನಿಂದ ಅವನು ಬಾಯಿ ಬಿಟ್ಟು ಮಾತಾಡುವುದು ವಾರಕ್ಕೊಮ್ಮೆ, ಭಾನುವಾರ ಹತ್ತಕ್ಕೆ, ಬೆಟ್ಟಗಳಾಚೆಯ ಬಿತೋಲಾದಲ್ಲಿರುವ ತ್ರಾಯ್ಚೆಯ ಜೊತೆ, ರೇಡಿಯೊದಲ್ಲಿ. ಹನ್ನೊಂದು ವರ್ಷದ ಗೆಳೆತನ. ಒಬ್ಬರ ಮುಖ ಇನ್ನೊಬ್ಬರು ಕಂಡಿಲ್ಲ. ತಪ್ಪು ಆಂಟೆನಾ ಉಳಿಸಿಕೊಂಡರೆ ಆ ಒಂದು ದನಿಯೂ ಹೋದಂತೆ.

ಭಾನುವಾರ ಹತ್ತಕ್ಕೆ ಪರೀಕ್ಷೆಗೆ ಕೂತ. ಮೇಜಿನ ಮೇಲೆ ಮೂರು ತಿರುವಿನ ಸ್ವಿಚ್ಚು. ಒಂದಕ್ಕೆ ತಿರುಗಿಸಿದರೆ ಚಾವಣಿಯಲ್ಲಿ ನೆಟ್ಟ ಅಲ್ಯೂಮಿನಿಯಂ ಕಂಬ. ಎರಡಕ್ಕೆ ತಿರುಗಿಸಿದರೆ ಚಿಮಣಿಗಳ ನೆತ್ತಿಗೆ ಬಿಗಿದ ತಂತಿ. ಮೂರನೆಯದು ಖಾಲಿ. ಹಿಂದೆ ಗಾಳಿಗೆ ಮುರಿದುಬಿದ್ದ ಆಂಟೆನಾದ ಕರಿ ಕೇಬಲ್ಲು ಅದು; ಅದರ ತುದಿ ಜೋತುಬಿದ್ದು ಅಡುಗೆಮನೆ ಕಿಟಕಿಗೆ ಟಪಟಪ ಬಡಿಯುತ್ತಿತ್ತು. ಅದನ್ನು ತೆಗೆ ಎಂದು ರಾಯ್ನಾ ತಿಂಗಳುಗಟ್ಟಲೆ ಹೇಳಿದಳು. ಇವನು ನಾಳೆ ನಾಳೆ ಎಂದ. ಒಂದು ದಿನ ಬಡಿತ ನಿಂತಿತು. ಯಾಕೆಂದು ಇವನು ಕೇಳಲಿಲ್ಲ.

"ಇದು ಒಂದು. ಹೇಗೆ ಕೇಳ್ತಿದೆ?"

"ಐದು ಒಂಬತ್ತು, ಸ್ಪಿರೋ." ಎಂದರೆ, ರೇಡಿಯೊದವರ ಲೆಕ್ಕದಲ್ಲಿ, ಪಕ್ಕದ ಕೋಣೆಯಲ್ಲಿ ಕೂತು ಮಾತಾಡಿದಷ್ಟು ಸ್ಪಷ್ಟ.

"ಇದು ಎರಡು. ಈಗ?"

"ಐದು ಒಂಬತ್ತು."

ಸ್ಪಿರಿದೋನ ರೇಡಿಯೊದ ಶಕ್ತಿಯನ್ನು ಅರ್ಧಕ್ಕಿಳಿಸಿದ. "ಐದು ಒಂಬತ್ತು." ಕಾಲು ಭಾಗಕ್ಕಿಳಿಸಿದ. "ಐದು ಒಂಬತ್ತು, ಮಾರಾಯ." ಮದುವೆ ಊಟ ಹೇಗಿತ್ತು ಎಂದು ಹುಡುಗಿಯ ಅಪ್ಪ ಕೇಳಿದಾಗ ಸಿಗುವ ಉತ್ತರದಂತಿತ್ತು ಅದು.

ಬಾಗಿಲು ಬಡಿದ ಸದ್ದು. ಗೆನೊವೇವಾ ಕಾಗದ ಹಿಡಿದು ನಿಂತಿದ್ದಳು. ಹಿಂದೆ, ಕೈಯಲ್ಲಿ ಇಕ್ಕಳ ಹಿಡಿದ ನಲ್ಲಿ ರಿಪೇರಿಯ ಕುಜ್ಮಾನ್.

"ಮುಗೀತಾ ನಿಮ್ಮ ಸಂಶೋಧನೆ?"

"ಎರಡೂ ಒಂದೇ ಅಂತಿದಾನೆ."

"ನಾನು ಅವತ್ತೇ ಹೇಳಿದ್ದೆ, ಒಂದಿದ್ರೆ ಸಾಕು ಅಂತ. ಹಾಕಿ ಸಹಿ."

ಕಂಬ ಉಳಿಯಲಿ ಎಂದು ಬರೆದು ಸಹಿ ಹಾಕಿದ. ಅದರ ಕೆಳಗೆ ಆಕೆಯ ದುಂಡಕ್ಷರದಲ್ಲಿ ಮೊದಲೇ ಬರೆದಿತ್ತು: ಮಿಕ್ಕ ತಂತಿಗಳೆಲ್ಲ ಇಳಿಯತಕ್ಕದ್ದು.

"ನೀವು ಕೂತ್ಕೊಳಿ ಮಾಮ, ಏಣಿ ಹತ್ತಬೇಡಿ," ಎಂದ ಕುಜ್ಮಾನ್. "ನಾನು ನೋಡ್ಕೋತೀನಿ."

ಪಾಪದವನು. ಬಡವನ ಮನೆ ಹಾಳು ಮಾಡುವವರಲ್ಲಿ ಅರ್ಧ ಜನ ಪಾಪದವರೇ.

ಸ್ಪಿರಿದೋನ ಒಳಗೆ ಬಂದು ತ್ರಾಯ್ಚೆಗೆ ವಿದಾಯ ಹೇಳಿದ. ಆಮೇಲೆ ಸ್ವಿಚ್ಚನ್ನು ಮೂರಕ್ಕೆ ತಿರುಗಿಸಿದ. ಪ್ರತಿ ಭಾನುವಾರ ಅವನು ಹೀಗೆ ಮಾಡುತ್ತಿದ್ದ, ಯಾರಿಗೂ ಹೇಳಿರಲಿಲ್ಲ. ಆಂಟೆನಾ ಇಲ್ಲದೆ ಮಾತಾಡಿದರೆ ರೇಡಿಯೊ ಸುಟ್ಟುಹೋಗುತ್ತದೆ, ಅವನಿಗೂ ಗೊತ್ತಿತ್ತು. ಎರಡು ವರ್ಷವಾದರೂ ಸುಟ್ಟಿರಲಿಲ್ಲ. ರಾಯ್ನಾಳ ಕರುಣೆ ಎಂದುಕೊಂಡಿದ್ದ.

"ರಾಯ್ನಾ, ಕಂಬ ಉಳಿಸ್ಕೊಂಡೆ ಕಣೇ. ನೀನಿದ್ದಿದ್ರೆ ಆ ಗೆನೊವೇವಾನ ಮೆಟ್ಟಿಲಲ್ಲೇ ನಿಲ್ಲಿಸ್ತಿದ್ದೆ. ನಿನ್ನ ನೀಲಿ ಸ್ವೆಟರ್ ಇನ್ನೂ ಯಾರಿಗೂ ಕೊಟ್ಟಿಲ್ಲ. ಹೋದ ವಾರ ಕೊಟ್ಟೆ ಅಂದಿದ್ದು ಸುಳ್ಳು."

ಮಾತು ಮುಗಿದೊಡನೆ ಎಂದಿನಂತೆ ರೇಡಿಯೊ ಆರಿಸಲು ಕೈ ಚಾಚಿದ. ಅಷ್ಟರಲ್ಲಿ ಯಾರೋ ಕೆಮ್ಮಿದರು.

"ಸ್ಪಿರೋ, ತಪ್ಪು ತಿಳ್ಕೋಬೇಡ. ಇದು ಯಾವ ಆಂಟೆನಾ?"

ತ್ರಾಯ್ಚೆಯ ದನಿ. ಅವನ ಉಸಿರೂ ಕೇಳುತ್ತಿತ್ತು. ಸ್ಪಿರಿದೋನನ ಕಿವಿ ಕಾದ ಹಂಚಾಯಿತು. "ಯಾವುದೂ ಅಲ್ಲ. ಖಾಲಿ. ನಿಂಗೆ ಕೇಳಿಸ್ತಾ?"

"ಎರಡು ವರ್ಷದಿಂದ ಕೇಳಿಸ್ತಿದೆ. ಗಂಡ ಹೆಂಡ್ತಿ ಮಾತು, ನಡುವೆ ಬಾಯಿ ಹಾಕೋದು ಹೇಗೆ? ಇವತ್ತು ಒಂದನ್ನೇ ಉಳಿಸ್ಕೋಬೇಕು ಅಂದ್ಯಲ್ಲ, ಅದಕ್ಕೆ ಬಾಯಿಬಿಟ್ಟೆ. ಇದನ್ನ ಉಳಿಸ್ಕೋ."

"ಮತ್ತೆ ಆ ಎರಡು?"

"ಅದರಲ್ಲಿ ನೀನು ಬಾವಿ ತಳದಲ್ಲಿ ಕೂತು ಕೆಮ್ಮಿದ ಹಾಗಿರುತ್ತೆ. ಹತ್ತರಲ್ಲಿ ಮೂರು ಮಾತು ಸಿಕ್ಕಿದ್ರೆ ಪುಣ್ಯ."

"ಹನ್ನೊಂದು ವರ್ಷ ಐದು ಒಂಬತ್ತು ಅಂದ್ಯಲ್ಲೋ."

"ಮರ್ಯಾದೆ ಅಂತ ಒಂದಿದೆಯಲ್ಲಪ್ಪ. ನೀನೂ ನಂಗೆ ಹಾಗೇ ಅಂದೆ."

ಅದೂ ನಿಜವೇ.

"ಸ್ಪಿರೋ, ಆ ಸ್ವೆಟರ್ ಕೊಡಬೇ..." ದನಿ ಕತ್ತರಿಸಿದಂತೆ ನಿಂತಿತು.

ಸುಡದ ರೇಡಿಯೊ. ಬಡಿಯುವುದನ್ನು ನಿಲ್ಲಿಸಿದ ಕೇಬಲ್ಲು. ಸ್ಪಿರಿದೋನ ಕೆಟ್ಟ ಮಂಡಿಗಳನ್ನು ಎಳೆದುಕೊಂಡು ಏಣಿ ಹತ್ತಿದ.

ಚಾವಣಿಯಲ್ಲಿ ಕುಜ್ಮಾನ್ ತಾಮ್ರದ ತಂತಿಯನ್ನು ಮೊಳಮೊಳ ತುಂಡು ಮಾಡಿ ಹೆಂಗಸರಿಗೆ ಹಂಚುತ್ತಿದ್ದ. ಮೆಣಸಿನಕಾಯಿ ಪೋಣಿಸಿ ಒಣಹಾಕುವುದಕ್ಕೆ ಅವರಿಗೆ ತಂತಿ ಬೇಕಿತ್ತು.

"ರಾಯ್ನಾ ಅತ್ತೆ ಬಟ್ಟೆ ಒಣಹಾಕ್ತಿದ್ದ ತಂತಿ ಮಾಮ. ತಗ್ಗಲ್ಲಿತ್ತು, ಕುತ್ತಿಗೆಗೆ ಸಿಕ್ಕೋದು. ತುದೀಲಿ ಯಾವುದೋ ಕರಿ ಕೇಬಲ್ ಸುತ್ತಿ, ಕರವಸ್ತ್ರದಲ್ಲಿ ಗಂಟು ಹಾಕಿದ್ರು. ಎಷ್ಟೆಳೆದ್ರೂ ಬಿಚ್ಚಲಿಲ್ಲ. ಕತ್ತರಿಸ್ದೆ."

"ಕಂಬ ಕಿತ್ತುಹಾಕಿ," ಎಂದ ಸ್ಪಿರಿದೋನ. "ನಂಗೆ ಇದು ಬೇಕು."

ಗೆನೊವೇವಾ ಕಾಗದ ಬಿಡಿಸಿದಳು. "ಸಹಿ ನಿಮ್ದೇ ಅಲ್ವಾ? ಮುಂದಿನ ಸಭೆ ವಸಂತಕ್ಕೆ. ಅಲ್ಲೀವರೆಗೆ ಚಾವಣಿ ಬೀಗದ ಕೈ ನನ್ನ ಹತ್ರ ಇರುತ್ತೆ."

ಕರವಸ್ತ್ರದ ಗಂಟನ್ನು ಕುಜ್ಮಾನ್ ಅವನ ಅಂಗೈಯಲ್ಲಿಟ್ಟ. ಸ್ಪಿರಿದೋನ ಕೆಳಗಿಳಿದು ಸ್ವಿಚ್ಚನ್ನು ಒಂದಕ್ಕೆ ತಿರುಗಿಸಿದ. ಎಣ್ಣೆಯಲ್ಲಿ ಏನೋ ಕರಿಯುತ್ತಿರುವಂಥ ಸದ್ದು.

"ತ್ರಾಯ್ಚೆ, ಇನ್ಮೇಲೆ ಈ ಕಂಬ ಒಂದೇ. ಮರ್ಯಾದೆ ಬಿಟ್ಟು ನಿಜ ಹೇಳು. ಹೇಗೆ ಕೇಳಿಸ್ತಿದೀನಿ?"

ಅವನು ಕಿವಿಯನ್ನು ರೇಡಿಯೊಗೆ ಒತ್ತಿ ಹಿಡಿದ. ಬಹಳ ಹೊತ್ತು ಕರಿಯುವ ಸದ್ದೊಂದೇ. ಆಮೇಲೆ, ಬಾವಿ ತಳದಿಂದ ಬಂದ ಹಾಗೆ:

"ಐದು ಒಂಬತ್ತು, ಸ್ಪಿರೋ. ಐದು ಒಂಬತ್ತು."