ಬಾಗಿಲು ಮರೆತ ಚಾವಣಿ

ಕಂಪ್ಯೂಟರು ಎಲ್ಲವನ್ನೂ ಲೆಕ್ಕ ಹಾಕಿತ್ತು. ಗಾಳಿ ಬೀಸಿದರೆ ಏನಾಗುತ್ತದೆ, ಮೇಲೊಬ್ಬರು ಹತ್ತಿ ಕೂತರೆ ಏನಾಗುತ್ತದೆ, ಯಾವ ಪಟ್ಟಿ ಎಷ್ಟು ಬಾಗಬೇಕು, ಎಲ್ಲವನ್ನೂ. ಮನೆಯ ಬಾಗಿಲು ಎಷ್ಟು ಅಗಲ ಎಂದು ಮಾತ್ರ ಅದಕ್ಕೆ ಯಾರೂ ಹೇಳಿರಲಿಲ್ಲ.

ಹೇಳಬೇಕಾಗಿದ್ದವನು ನಕ್ಷೆಗಾರ. ಹಗಲೆಲ್ಲ ಕಚೇರಿಯಲ್ಲಿ ಬೇರೆಯವರ ಮನೆಗಳ ನಕ್ಷೆ ಬಿಡಿಸಿ, ಸಂಜೆ ತರಗತಿಯಲ್ಲಿ ಕಂಪ್ಯೂಟರ್ ವಿನ್ಯಾಸ ಕಲಿತು, ಮೂರನೆಯ ಮಹಡಿಯ ತನ್ನ ಮನೆಯ ನಡುಕೋಣೆಯಲ್ಲಿ ತೆಳು ಪ್ಲೈವುಡ್ ಪಟ್ಟಿಗಳನ್ನು ಹೆಣೆದು ಒಂದು ಚಾವಣಿಯ ಮಾದರಿ ಕಟ್ಟಿದ್ದ. ಬೋರಲು ಹಾಕಿದ ದೊಡ್ಡ ಬುಟ್ಟಿಯಂತಿದ್ದ ಅದನ್ನು ಹೆಂಡತಿ ಒಂದೇ ಕೈಯಲ್ಲಿ ಎತ್ತಿ ಕೆಳಗೆ ಕಸ ಗುಡಿಸುತ್ತಿದ್ದಳು. ಮುಂದಿನ ತಿಂಗಳು ಹಗುರ ರಚನೆಗಳ ಸಮ್ಮೇಳನ. ಭಾಷಣಕ್ಕೆ ಒಂದೇ ಒಂದು ಅವಕಾಶ ಉಳಿದಿತ್ತು. "ಮಾದರಿ ನೋಡಿ ತೀರ್ಮಾನ ಮಾಡ್ತೀನಿ," ಎಂದಿದ್ದ ಸಂಚಾಲಕಿ ಇವತ್ತು ವ್ಯಾನು ತೆಗೆದುಕೊಂಡು ಬರುವವರಿದ್ದರು. ಬಲ್ಲವರ ಮುಂದೆ ಒಮ್ಮೆಯಾದರೂ ಮಾತಾಡಬೇಕೆಂದು ನಕ್ಷೆಗಾರ ಕನ್ನಡಿಯೆದುರು ಗಂಟಲು ಸರಿಮಾಡಿಕೊಳ್ಳತೊಡಗಿ ತಿಂಗಳುಗಳಾಗಿದ್ದವು.

"ರೀ, ಇದು ಬಾಗಿಲಲ್ಲಿ ಹಿಡಿಸತ್ತಾ?" ಹೆಂಡತಿ ಕೇಳಿದಳು.

ನಕ್ಷೆಗಾರ ಟೇಪು ತಂದು ಅಳೆದ. ಇನ್ನೊಮ್ಮೆ ಅಳೆದ. ಬಾಗಿಲು ಬೆಳೆದಿರಲಿಲ್ಲ.

"ಬಿಚ್ಚಿ ತಗೊಂಡ್ಹೋಗಿ."

"ಆಗಲ್ಲ ಕಣೇ. ಒಂದು ಪಟ್ಟಿ ಬಿಚ್ಚಿದ್ರೆ ಎಲ್ಲಾ ಚಿಮ್ಮಿಬಿಡತ್ತೆ."

ಗಲಾಟೆ ಕೇಳಿ ಎದುರುಮನೆಯ ಬಡಗಿ ಬಂದ. ಇಬ್ಬರೂ ಅಡ್ಡ ಹಿಡಿದರು, ಓರೆ ಹಿಡಿದರು, ತಲೆಕೆಳಗು ಹಿಡಿದರು. ಕೊನೆಗೆ ಚಾವಣಿ ಬಾಗಿಲಲ್ಲಿ ಸಿಕ್ಕಿಕೊಂಡು, ಬಡಗಿ ಒಳಗೂ ಮನೆಯ ಯಜಮಾನ ಹೊರಗೂ ಉಳಿದರು.

"ಕೆಲಸ ಅಂದ್ರೆ ಇದು ಅಣ್ಣಾ, ಎಲ್ಲೂ ಒಂದು ಮೊಳೆ ಇಲ್ಲ," ಬಡಗಿ ಒಳಗಿಂದ ಮೆಚ್ಚಿ ನುಡಿದ. "ಮಧ್ಯಕ್ಕೆ ಗರಗಸ ಹಾಕ್ಲಾ?"

"ಗರಗಸ ಕೆಳಗಿಡಿ."

ಮೆಟ್ಟಿಲ ಮೇಲೆ ಡ್ರಿಲ್ ಮೇಡಂ ನಿಂತಿದ್ದರು. ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಕಲಿಸಿ ನಿವೃತ್ತರಾಗಿದ್ದರೂ ಇಡೀ ಕಟ್ಟಡ ಈಗಲೂ ಅವರೆದುರು ಬೆನ್ನು ನೆಟ್ಟಗೆ ಮಾಡುತ್ತಿತ್ತು. ಅವರು ಚಾವಣಿಯನ್ನು ಒಳಕ್ಕೆ ತಳ್ಳಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಸೊಗಸಾಗಿದೆ, ನಕ್ಷೆ." ನಕ್ಷೆಗಾರನನ್ನು ಅವರು ಕರೆಯುತ್ತಿದ್ದುದೇ ಹಾಗೆ. "ಬಾಗಿಲು ನೋಡ್ಲಿಲ್ವಾ?"

"ಇಲ್ಲ ಮೇಡಂ."

"ಹೂಂ. ಬಾಲ್ಕನಿಯಿಂದ ಇಳಿಸೋಣ."

ಬಡಗಿ ಬಾಲ್ಕನಿಯ ಕಿಟಕಿಯನ್ನು ಚೌಕಟ್ಟು ಸಮೇತ ಕಿತ್ತ. ಮನೆಮನೆಯ ಬಟ್ಟೆ ಒಣಗಿಸುವ ಹಗ್ಗಗಳು ಬಂದವು. ಚಾವಣಿಗೆ ಕಟ್ಟಿದ ಹಗ್ಗಗಳನ್ನು ಎಡಗಡೆ ನಕ್ಷೆಗಾರ, ಬಲಗಡೆ ಬಡಗಿ, ಜೊತೆಗೆ ನೆರೆಯವರು ಹಿಡಿದರು. ಮೇಡಂ ರಸ್ತೆಗಿಳಿದು ಎರಡೂ ಕೈ ಎತ್ತಿ ನಿಂತರು. ಚಾವಣಿ ಅರ್ಧ ಇಳಿದಿತ್ತಷ್ಟೆ, ಗಾಳಿ ಬೀಸಿತು. ಹಗುರವೆಂದು ನಕ್ಷೆಗಾರ ಹೆಮ್ಮೆಪಟ್ಟಿದ್ದೆಲ್ಲ ಆ ಕ್ಷಣಕ್ಕೆ ಶತ್ರುವಾಯಿತು. ಗಾಳಿಪಟದಂತೆ ಎದ್ದ ಚಾವಣಿ ಎರಡನೆಯ ಮಹಡಿಯವರ ಪೈಜಾಮವನ್ನು ಹೊದ್ದುಕೊಂಡು ಎದುರು ಸಾಲಿನ ಮನೆಗಳತ್ತ ಹೊರಟಿತು.

"ಎಡಗಡೆಯೋರು ಬಿಡಿ. ಬಲಗಡೆಯೋರು ಎಳೀರಿ. ನಕ್ಷೆ, ಕಣ್ಣು ಬಿಟ್ಕೊಂಡು ಬಿಡಿ."

ಚಾವಣಿ ತರಗೆಲೆಯಂತೆ ತೇಲಿ ಬಂದು, ಆಗತಾನೇ ನಿಂತಿದ್ದ ವ್ಯಾನಿನ ಪಕ್ಕ ಕೂತಿತು. ಒಂದು ಗೀರೂ ಇಲ್ಲ.

ಸಂಚಾಲಕಿ ಪೈಜಾಮ ಸರಿಸಿ ಹೆಣಿಗೆಯ ಮೇಲೆ ಕೈಯಾಡಿಸಿದರು. ಮೇಲೆ ಕೂತೂ ನೋಡಿದರು.

"ಇಷ್ಟು ಚೆಂದದ್ದು ನಾನು ನೋಡೇ ಇಲ್ಲ. ಇದು ವೇದಿಕೆ ನಡುವೆ ಇರತ್ತೆ."

ಏದುಸಿರು ಬಿಡುತ್ತ ಇಳಿದು ಬಂದಿದ್ದ ನಕ್ಷೆಗಾರನಿಗೆ ಕಣ್ಣು ತುಂಬಿತು. "ಮತ್ತೆ... ಭಾಷಣ?"

"ಅದೂ ತೀರ್ಮಾನ ಆಯ್ತು. ಕಟ್ಟೋದರ ಬಗ್ಗೆ ನಮಗೆ ಹೇಳೋದೇನಿದೆ, ನಾವೆಲ್ಲ ಕಟ್ಟೋರೇ." ಅವರು ದನಿ ತಗ್ಗಿಸಿದರು. "ಹೊರಗೆ ತರೋದು ಮಾತ್ರ ಯಾರಿಗೂ ಗೊತ್ತಿಲ್ಲ. ನಂದೊಂದು ಮನೇಲಿ ಸಿಕ್ಕೊಂಡು ಎರಡು ವರ್ಷ ಆಯ್ತು. ನಮ್ಮ ಅಧ್ಯಕ್ಷರಂತೂ ತಮ್ಮದರ ಕೆಳಗೇ ಮಲಗ್ತಾರೆ." ಡ್ರಿಲ್ ಮೇಡಂ ಕಡೆ ತಿರುಗಿದರು. "ಮೇಡಂ, ಭಾಷಣದ ಆ ಅರ್ಧ ಗಂಟೆ ನಿಮ್ಮದು."

"ಆಗಲಿ," ಎಂದರು ಮೇಡಂ. "ನಕ್ಷೆ, ಹಗುರ ರಚನೆ ಅಂದ್ರೇನು ಅಂತ ಎರಡು ಪುಟ ಬರ್ಕೊಡಿ. ಶುರುವಲ್ಲಿ ಓದ್ಬಿಡ್ತೀನಿ."

ಆ ರಾತ್ರಿ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ನಕ್ಷೆಗಾರ ಬರೆಯುತ್ತಿದ್ದ.

"ನಿಮ್ಮನ್ನ ಒಳಗಾದ್ರೂ ಬಿಡ್ತಾರಂತಾ?" ಹೆಂಡತಿ ಕೇಳಿದಳು.

"ಬಿಡದೆ ಏನು. ಮೇಡಂ ವೇದಿಕೆಯಲ್ಲಿ ಚಾವಣಿ ಇಳಿಸಿ ತೋರಿಸ್ತಾರಂತೆ." ಅವನು ತಲೆ ಎತ್ತಲಿಲ್ಲ. "ಎಡಗಡೆ ಹಗ್ಗ ನಂದು."