ಮುಖಪುಟದಲ್ಲಿ ಮಲಗಿದ ಹುಡುಗ

ಈ ರಾದ್ಧಾಂತಕ್ಕೆಲ್ಲ ಮೂಲ, ಕೊನೆಯ ಬೆಂಚಿನಲ್ಲಿ ಕೆನ್ನೆ ಊರಿ ನಿದ್ದೆ ಹೊಡೆಯುತ್ತಿದ್ದ ಒಬ್ಬ ಹುಡುಗನ ಫೋಟೋ.

ಅನೆಸ್ತಿಸ್ ಗ್ರೀಸಿನ ಥೆಸಲೊನೀಕಿ ಪಟ್ಟಣದ ಒಂದು ಪ್ರಕಾಶನದಲ್ಲಿ ಮುಖಪುಟ ಮಾಡುವವನು. ತಲೆಯಲ್ಲಿ ಕೂದಲಿದ್ದ ಕಾಲದಿಂದಲೂ ಅವನ ಪಾಲಿಗೆ ಬಂದದ್ದು ಅಜ್ಜಿಯರ ಹೆಣಿಗೆ ಪತ್ರಿಕೆ ‘ಸೂಜಿದಾರ’ ಒಂದೇ. ಸ್ವೆಟರು, ಕಾಲುಚೀಲ, ಮೇಜಿನ ಹೊದಿಕೆ. ಮುಂದಿನ ತಿಂಗಳು ಮತ್ತೆ ಸ್ವೆಟರು. ಈ ಸಲ ಸಂಪಾದಕಿ ಪೋಲಿಕ್ಸೆನಿ ದೊಡ್ಡ ಮನಸ್ಸು ಮಾಡಿ, ಹೈಸ್ಕೂಲು ಹುಡುಗರ ಪತ್ರಿಕೆ ‘ಬಿಡುವಿನ ಗಂಟೆ’ಯ ಮುಖಪುಟವನ್ನೂ ಅವನಿಗೇ ಒಪ್ಪಿಸಿದ್ದಳು.

“ಚೆನ್ನಾಗಿ ಹೋದ್ರೆ ಇನ್ಮೇಲೆ ಹುಡುಗರ ಪತ್ರಿಕೆ ನಿಮ್ದು ಅನೆಸ್ತಿಸ್. ಹೋಗ್ಲಿಲ್ವೋ, ಜೀವಮಾನವಿಡೀ ಸ್ವೆಟರೇ ಗತಿ.”

ಅವನು ಮಲಗಿದ ಹುಡುಗನ ಚಿತ್ರ ತೋರಿಸಿದ್ದೇ ತಡ, ಆಫೀಸಿಗೆ ಆಫೀಸೇ ಮುತ್ತಿಕೊಂಡಿತು. ಜಾಹೀರಾತು ವಿಭಾಗದ ಝಿಸಿಸ್‌ಗೆ ಮೂವತ್ತೆರಡೂ ಹಲ್ಲು ತೋರಿಸುವ ಹಾಡುಗಾರ್ತಿ ಬೇಕಿತ್ತು. “ಹುಡುಗ್ರಿಗೆ ಮಿಂಚ್ಬೇಕು ಕಣಯ್ಯಾ, ಮಿಂಚ್ಬೇಕು! ನಿದ್ದೆ ಮಾಡೋನನ್ನ ದುಡ್ಡು ಕೊಟ್ಟು ಯಾರಯ್ಯಾ ನೋಡ್ತಾರೆ?” ಪೋಲಿಕ್ಸೆನಿಗೆ ಹಳದಿ ಬಣ್ಣ ಬೇಕಿತ್ತು, ಸಾಲಿಗೊಂದು ಉದ್ಗಾರ ಚಿಹ್ನೆ ಬೇಕಿತ್ತು. ಅನೆಸ್ತಿಸ್ ಎಲ್ಲರಿಗೂ ‘ಆಗ್ಲಿ ಆಗ್ಲಿ’ ಎಂದು ತಲೆಯಾಡಿಸಿ, ಮಲಗಿದ ಹುಡುಗನನ್ನೇ ಕಂಕುಳಲ್ಲಿ ಇಟ್ಟುಕೊಂಡು ಪ್ರೆಸ್ಸಿಗೆ ಓಡಿದ. ಜೊತೆಯಲ್ಲಿ ‘ಸೂಜಿದಾರ’ದ ಚಿತ್ರವೂ ಇತ್ತು. ಬರಬೇಕಾಗಿದ್ದ ರೂಪದರ್ಶಿಗೆ ನೆಗಡಿಯಾಗಿ, ಕೊನೆಗಳಿಗೆಯಲ್ಲಿ ಅವನ ಅತ್ತೆ ಪರಸ್ಕೆವಿಯನ್ನೇ ಸ್ವೆಟರು ತೊಡಿಸಿ ಕೂರಿಸಿದ್ದರು. ನಗಿ ಅಂದದ್ದಕ್ಕೆ ಆಕೆ ಹೆಣಿಗೆ ಕಡ್ಡಿಯನ್ನು ಚಾಕುವಿನಂತೆ ಹಿಡಿದು ಕ್ಯಾಮೆರಾವನ್ನು ದುರುಗುಟ್ಟಿ ನೋಡಿದ್ದಳು.

ಪ್ರೆಸ್ಸಿನಲ್ಲಿ ನೋಡಿದರೆ ಮೇಸ್ತ್ರಿ ಮಿನಾಸ್‌ನ ಹೆಸರಿನ ಹಬ್ಬ. ಅವನ ಹೆಸರಿನ ಸಂತನ ದಿನ. ಅಂಥ ದಿನ ಬಾಗಿಲಿಗೆ ಬಂದವರು ಬಾಯಿ ಸಿಹಿ ಮಾಡಿಕೊಳ್ಳದೆ ಹೋದರೆ ಜನ್ಮದ ದ್ವೇಷ.

“ಮೊದ್ಲು ಕತಾಯಿಫಿ ತಿನ್ನು ಮಾರಾಯ, ಆಮೇಲೆ ಕೆಲ್ಸ!”

ಒಂದು ಕೈಗೆ ಪಾಕ ಸುರಿಯುವ ಸಿಹಿಯ ತಟ್ಟೆ ಬಂತು, ಇನ್ನೊಂದಕ್ಕೆ ತ್ಸಿಪುರೊ ಸಾರಾಯಿ ತುಂಬಿದ ಲೋಟ ಬಂತು. ಚಿತ್ರಗಳಿದ್ದ ಎರಡೂ ಲಕೋಟೆಗಳನ್ನು ಎಲ್ಲೋ ಇಟ್ಟ. ಲೋಟ ಖಾಲಿಯಾದಂತೆಲ್ಲ ತುಂಬಿತು. “ಇದು ಹುಡುಗರದ್ದು, ಇದು ಅಜ್ಜಿಯರದ್ದು,” ಎಂದು ಅಂಟು ಬೆರಳಲ್ಲಿ ತೋರಿಸಿ, ಎಲ್ಲರ ಕೆನ್ನೆಗೂ ಮುತ್ತಿಟ್ಟು ಮನೆಗೆ ಬಂದ.

ಮರುದಿನ ಬೆಳಗ್ಗೆ ಹೈಸ್ಕೂಲಿನ ಎದುರಿನ ಗೂಡಂಗಡಿಗೆ ಹೋದವನು ಗಕ್ಕನೆ ನಿಂತ. ಬಟ್ಟೆ ಕ್ಲಿಪ್ಪು ಹಾಕಿ ನೇತುಹಾಕಿದ್ದ ಪತ್ರಿಕೆಗಳ ಸಾಲಿನಲ್ಲಿ ‘ಬಿಡುವಿನ ಗಂಟೆ’ ಎಂಬ ದೊಡ್ಡಕ್ಷರದ ಕೆಳಗೆ, ಕಡ್ಡಿ ಹಿಡಿದು, ಅತ್ತೆ ಅವನನ್ನೇ ದುರುಗುಟ್ಟಿ ನೋಡುತ್ತಿದ್ದಳು! ಪಕ್ಕದ ‘ಸೂಜಿದಾರ’ದಲ್ಲಿ ಅವನ ಹುಡುಗ ಹಾಯಾಗಿ ನಿದ್ದೆ ಮಾಡುತ್ತಿದ್ದ.

‘ಸತ್ತೆ!’ ಅಂದುಕೊಂಡ ಅನೆಸ್ತಿಸ್, ಕೋಟು ಬಿಚ್ಚಿ ಅತ್ತೆಯ ಮೇಲೆ ಹೊದಿಸಿದ.

“ಏಯ್! ಏನ್ರೀ ಅದು?” ಅಂಗಡಿಯ ಉರಾನಿಯಾ ಕಿಂಡಿಯಿಂದ ತಲೆ ಹೊರಹಾಕಿದಳು. “ನನ್ನ ಅಂಗ್ಡಿ ಏನು ನಿಮ್ಮನೆ ಬಟ್ಟೆ ಒಣಗ್ಹಾಕೋ ಹಗ್ಗಾನಾ?”

“ಅಮ್ಮಾ, ನಿಮ್ ದಮ್ಮಯ್ಯ, ಈ ಮುಖಪುಟ ಮಾಡಿದೋನು ನಾನೇ, ಇದೊಂದನ್ನ ಒಳಗಿಡಿ.”

“ಯಾಕೆ? ಆ ಹೆಂಗಸು ನಿಮಗೇನಾಗ್ಬೇಕು?”

“ನಮ್ಮತ್ತೆ!”

“ಅತ್ತೇನಾ? ಹಾಗಾದ್ರೆ ಇನ್ನೂ ಮೇಲೆ ಹಾಕ್ತೀನಿ, ತಡೀರಿ,” ಎಂದು ಉರಾನಿಯಾ ಅದನ್ನು ಎಲ್ಲಕ್ಕಿಂತ ಮೇಲಿನ ಸಾಲಿಗೇರಿಸಿದಳು.

ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು. ಹುಡುಗರ ದಂಡು ತಿಂಡಿಗೆಂದು ಬೀದಿಗಿಳಿಯಿತು. ಒಬ್ಬಳು ನಿಂತಳು, ಕತ್ತೆತ್ತಿ ನೋಡಿದಳು.

“ಲೋ, ನೋಡ್ರೋ ಇಲ್ಲಿ! ನಮ್ ಕೆಮಿಸ್ಟ್ರಿ ಮೇಡಮ್ಮು!”

“ಅಲ್ವೇ, ನಮ್ಮಜ್ಜಿ ಕಣೇ ಇದು! ಫೋನ್ ಇಡು ಅಂತ ಹೀಗೇ ನೋಡ್ತಾಳೆ!”

ಬಿದ್ದು ಬಿದ್ದು ನಕ್ಕರು. ಒಬ್ಬ ಕೊಂಡ, ಹತ್ತು ಜನ ಕೊಂಡರು. ಅತ್ತೆಯಂತೆ ಮುಖ ಗಂಟಿಕ್ಕಿ, ಪೆನ್ನು ಕಡ್ಡಿಯಂತೆ ಹಿಡಿದು ಫೋಟೋ ತೆಗೆಸಿಕೊಂಡರು. ಮತ್ತೆ ಗಂಟೆ ಹೊಡೆಯುವಷ್ಟರಲ್ಲಿ ಉರಾನಿಯಾಳ ಕ್ಲಿಪ್ಪುಗಳು ಮಾತ್ರ ನೇತಾಡುತ್ತಿದ್ದವು. “ಅಳಿಯಂದ್ರೇ, ಇನ್ನೊಂದು ಕಟ್ಟು ಕಳ್ಸಿ!” ಎಂದು ಅವಳು ಕೂಗಿದಾಗ ಅನೆಸ್ತಿಸ್‌ನ ಕಣ್ಣಲ್ಲಿ ನೀರೇ ಬಂತು. ಕೋಟನ್ನು ಹೆಗಲಿಗೆ ಹಾಕಿಕೊಂಡು, ಎದೆಯುಬ್ಬಿಸಿ ಆಫೀಸಿನ ಹಾದಿ ಹಿಡಿದ.

ಅಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಝಿಸಿಸ್ ಎರಡೂ ಕೆನ್ನೆಗೆ ಮುತ್ತಿಟ್ಟ. ಊರಿನ ಗೂಡಂಗಡಿಗಳಲ್ಲೆಲ್ಲೂ ‘ಬಿಡುವಿನ ಗಂಟೆ’ಯ ಒಂದು ಪ್ರತಿಯೂ ಉಳಿದಿರಲಿಲ್ಲ.

“ಎಂಥಾ ತಲೆ ರೀ ನಿಮ್ದು!” ಅಂದಳು ಪೋಲಿಕ್ಸೆನಿ. “ಇದು ಬೇಕೂಂತಲೇ ಮಾಡಿದ್ದಾ?”

“ಮತ್ತೆ?” ಎಂದ ಅನೆಸ್ತಿಸ್, ಕೂದಲಿಲ್ಲದ ತಲೆ ಸವರಿಕೊಳ್ಳುತ್ತ. “ಹುಡುಗರಿಗೆ ಹಲ್ಲು ಕಿರಿಯೋರನ್ನ ಕಂಡ್ರೆ ಆಗಲ್ಲ ಮೇಡಂ. ಗದರೋರನ್ನ ಕಂಡ್ರೆ ನಗು. ಅದಕ್ಕೇ ಎರಡೂ ಚಿತ್ರ ನಾನೇ ಅದಲುಬದಲು ಮಾಡ್ಸಿದೆ.”

“ಅದನ್ನೇ ನಿಮ್ಮ ಬಾಯಲ್ಲಿ ಕೇಳ್ಬೇಕಿತ್ತು. ಯಾಕಂದ್ರೆ ‘ಸೂಜಿದಾರ’ ಇದರ ಎರಡರಷ್ಟು ಹೋಗಿದೆ! ಬೆಳಗ್ಗಿಂದ ಅಜ್ಜಿಯರ ಫೋನು. ‘ಪಾಪ, ಆ ಮಗು ಊಟ ಮಾಡಿತ್ತಾ? ಬೆನ್ನಿಗೆ ಗಾಳಿ ಬಡಿಯಲ್ವಾ? ಸ್ವೆಟರಿಗೆ ಅಳತೆ ಹೇಳಿ.’ ಅಜ್ಜಿಯರ ಕರುಳು ಇಷ್ಟು ಬಲ್ಲೋರನ್ನ ಹುಡುಗರಿಗೆ ದಂಡ ಮಾಡೋಕಾಗತ್ತಾ? ‘ಸೂಜಿದಾರ’ ಇನ್ಮೇಲೆ ಶಾಶ್ವತವಾಗಿ ನಿಮ್ದು!”

ಅನೆಸ್ತಿಸ್ ತಲೆ ಸವರುವುದನ್ನು ಅಲ್ಲಿಗೇ ನಿಲ್ಲಿಸಿದ. “ಮತ್ತೆ... ‘ಬಿಡುವಿನ ಗಂಟೆ’?”

“ಅದಕ್ಕೆ ಹೊಸಬರು ಬಂದಾಗಿದೆಯಲ್ಲ.”

ಕಿಟಕಿ ಪಕ್ಕದ ಒಳ್ಳೆಯ ಕುರ್ಚಿಯಲ್ಲಿ, ಕಡ್ಡಿ ಹಿಡಿದು, ಅತ್ತೆ ಪರಸ್ಕೆವಿ ಕುಳಿತಿದ್ದಳು. “ಬೆನ್ನು ನೆಟ್ಟಗೆ ಮಾಡ್ಕೊಳ್ಳಿ ಅಳಿಯಂದ್ರೇ,” ಅಂದಳು. “ಆಫೀಸಲ್ಲಿ ಹೀಗಾ ನಿಲ್ಲೋದು?”

ಅನೆಸ್ತಿಸ್ ತನ್ನ ಹಳೆಯ ಮೂಲೆಗೆ ಹೋದ, ಕುಸಿದು ಕುಳಿತ, ಮೇಜಿನ ಮೇಲೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದ.

“ಹಾಗೇ ಇರಿ! ಅಲುಗಾಡ್ಬೇಡಿ!” ಪೋಲಿಕ್ಸೆನಿ ಚೀರಿದಳು. “ಝಿಸಿಸ್, ಓಡು, ಕ್ಯಾಮೆರಾ ತಗೊಂಡ್ಬಾ! ‘ಸೂಜಿದಾರ’ದ ಮುಂದಿನ ಮುಖಪುಟ ಸಿಕ್ತು!”